ಸಿನಿಮಾಕ್ಕೆ ತೇಪೆ ಹಾಕಿದ ಮಾವ

ನನ್ನ ಸೋದರಮಾವ ಇರುವ ಕಡೆ ಸಿನಿಮಾ ತೋರಿಸಕೂಡದು ಎಂದು ಜಿಲ್ಲಾಡಳಿತ ಒಂದು ಆದೇಶ ಹೊರಡಿಸಬೇಕು ಎಂಬುದು ನನ್ನ ಬಹುದಿನದ ಬೇಡಿಕೆ. ನಗಬೇಡಿ! ನಿಮಗೆ ಅಂಥ ಮಾವ ಇಲ್ಲ, ಅದಕ್ಕೇ ನಗು ಬರುತ್ತಿದೆ.

ನಾನು ಬಳ್ಳಾರಿಯ ಗಾಂಧಿನಗರದ ವಿಮಾ ಕಚೇರಿಯೊಂದರಲ್ಲಿ ಕೆಲಸಕ್ಕಿರುವವನು. ಹೊಟ್ಟೆಗೆ ಅದು, ಜೀವಕ್ಕೆ ಸಿನಿಮಾ. ಸಿನಿಮಾ ಅಂದರೆ ನಾಯಕ ಒಂದೇ ಗುದ್ದಿಗೆ ಹತ್ತು ಜನರನ್ನು ಗಾಳಿಗೆ ತೂರುವಂಥದ್ದಲ್ಲ. ಈಚೆಗೆ ಹೊಸ ಹುಡುಗ ಹುಡುಗಿಯರು ಸ್ವಂತ ದುಡ್ಡು ಹಾಕಿ, ಯಾವುದೋ ಹಳ್ಳಿಗೆ ಹೋಗಿ, ಊರವರನ್ನೇ ನಿಲ್ಲಿಸಿ ತೆಗೆಯುತ್ತಾರಲ್ಲ, ಅಂಥವು. ಪಾರ್ವತಿನಗರದ ಗೆಳೆಯನೊಬ್ಬನ ಮಹಡಿಯಲ್ಲಿ ಪ್ರತಿ ಭಾನುವಾರ ಸಂಜೆ ಬಿಳಿ ಪರದೆ ಕಟ್ಟಿ ತೋರಿಸುತ್ತೇವೆ. ಇಪ್ಪತ್ತೈದು ಜನ ಬರುತ್ತಾರೆ. ಇಪ್ಪತ್ತಾರನೆಯವನು ಮಾವ.

ಮಾವ ಕುರುಗೋಡಿನವನು. ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬಂದು ಜೀನ್ಸ್ ಘಟಕವೊಂದರಲ್ಲಿ ಮಾಸ್ಟರ್ ಆಗಿ ದುಡಿಯುತ್ತಾನೆ. ಹೊಸ ಪ್ಯಾಂಟಿನ ತೊಡೆಯನ್ನು ಮರಳುಕಾಗದದಿಂದ ತಿಕ್ಕಿ ಬಿಳಿಚಿಸುವುದು, ಮೊಣಕಾಲಿಗೆ ಬ್ಲೇಡು ಹಾಕಿ ಎಳೆ ಬಿಡಿಸುವುದು, ಒಟ್ಟಿನಲ್ಲಿ ಹೊಸ ಬಟ್ಟೆ ಹರಿಯುವುದಕ್ಕೆ ಸಂಬಳ ತೆಗೆದುಕೊಳ್ಳುವ ಮನುಷ್ಯ. ಅಂಥವನಿಗೆ ಪರದೆಯ ಮೇಲೆ ಒಂದು ಹರಿದ ಅಂಗಿ ಕಂಡರೆ ಸಾಕು, ಕಥೆ ಗಿಥೆ ಎಲ್ಲ ಮರೆತುಹೋಗುತ್ತದೆ.

"ಸುಳ್ಳು! ಇದು ಬ್ಲೇಡಿನ ಹರಕು!"

ಮೊದಲ ಸಲ ಅವನು ಹೀಗೆ ಕೂಗಿದಾಗ ಪರದೆಯ ಮೇಲೆ ಒಬ್ಬ ಹಮಾಲಿ ಹೆಂಡತಿಯ ಸಾವಿನ ಸುದ್ದಿ ಕೇಳುತ್ತಿದ್ದ. ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಮಾವ ಸೀದಾ ಪರದೆಯ ಹತ್ತಿರ ನಡೆದು ಹಮಾಲಿಯ ಎದೆಗೆ ಬೆರಳಿಟ್ಟ. "ಮೂಟಿ ಹೊರಾವನ ಅಂಗಿ ಹೆಗಲಮ್ಯಾಗ ಹರೀತೈತಿ. ಎದಿಮ್ಯಾಗ ಯಾಕ ಹರೀತಲೇ? ಎದಿಲೇ ಮೂಟಿ ಹೊರತಾನೇನು?" ಇಪ್ಪತ್ತೈದು ಜನರೂ ಘೊಳ್ಳೆಂದು ನಕ್ಕರು. ಹಮಾಲಿ ಅಳುತ್ತಿದ್ದ. ನನಗೂ ಅಳು ಬಂತು.

ಅಲ್ಲಿಂದ ಶುರುವಾಯಿತು ನೋಡಿ. "ನಿಮ್ಮ ಸಿನಿಮಾದಾಗ ಬಡವ್ರು ಯಾಕ ನಗಂಗಿಲ್ಲ? ನಮ್ಮ ಮನ್ಯಾಗ ಒಲಿ ಹಚ್ಚಲಾರದ ದಿನಾನೂ ನಕ್ಕೀವಿ." ಇನ್ನೊಂದು ಭಾನುವಾರ, ಪರದೆಯ ಮೇಲೆ ನಾಯಕಿ ಗೋಡೆ ದಿಟ್ಟಿಸುತ್ತ ಕೂತಿದ್ದಾಗ, "ಎಷ್ಟೊತ್ತಲೇ ಆಕಿ ಆ ಗ್ವಾಡಿ ನೋಡೂದು? ಸುಣ್ಣ ಹಚ್ಚೂದೈತೇನು?"

"ಮಾವಾ, ಅದು ಮೌನ. ಆಕಿ ದುಃಖ ಎಲ್ಲಾ ಅದರಾಗ ಐತಿ."

"ದುಃಖ ಇದ್ದಾಕಿಗೆ ಸುಮ್ಕ ಕುಂದ್ರಾಕ ಯಾರ್ ಬಿಡ್ತಾರಲೇ? ಭಾಂಡಿ ಯಾರು ತಿಕ್ಕಬೇಕು?"

ಇದಕ್ಕೆ ಯಾವ ವಿಮರ್ಶಕ ಉತ್ತರ ಕೊಟ್ಟಾನು? ನನಗೆ ಮೈ ಉರಿಯುತ್ತಿದ್ದುದು ಅವನು ತಪ್ಪು ಹೇಳುತ್ತಾನೆಂದಲ್ಲ. ಅವನು ಹೇಳಿದ ಮೇಲೆ ನನಗೂ ದುಃಖ ಮಾಯವಾಗಿ ಬರೀ ಗೋಡೆ ಕಾಣಿಸುತ್ತಿತ್ತು!

ಕಳೆದ ವರ್ಷ ಒಬ್ಬ ಯುವ ನಿರ್ದೇಶಕಿ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳ ಮೇಲೆ ಸಿನಿಮಾ ತೆಗೆಯಲು ಸಿರುಗುಪ್ಪದ ಹತ್ತಿರದ ಹಳ್ಳಿಯೊಂದಕ್ಕೆ ಬಂದರು. ಊಟ, ವಸತಿ, ಟ್ರ್ಯಾಕ್ಟರು ಎಲ್ಲ ಹೊಂದಿಸುವ ಕೆಲಸ ನನ್ನದು. "ಇದನ್ನ ಸರಿಯಾಗಿ ಮಾಡಿಕೊಡಿ, ಮುಂದಿನ ಚಿತ್ರಕ್ಕೆ ನೀವೇ ನನ್ನ ಸಹಾಯಕ ನಿರ್ದೇಶಕರು" ಎಂದರು. ನಲವತ್ತೆರಡನೆಯ ವಯಸ್ಸಿಗೆ ಒದಗಿದ ಅವಕಾಶ! ಕಚೇರಿಗೆ ಕೊಡಬೇಕಾದ ರಾಜೀನಾಮೆಯನ್ನು ಮನಸ್ಸಿನಲ್ಲೇ ಮೂರು ಸಲ ಬರೆದೆ. ಬಟ್ಟೆಗಳನ್ನು ಮೈ ಅಳತೆಗೆ ಸರಿಮಾಡಿ ಕೊಡಲು ಒಬ್ಬ ದರ್ಜಿ ಬೇಕು ಎಂದರು. ನನ್ನ ಬಾಯಿ ಸುಮ್ಮನಿರಬಾರದಿತ್ತೇ? ಮಾವನನ್ನು ಕರೆತಂದೆ.

ಮುಖ್ಯ ಪಾತ್ರ ಅದೇ ಊರಿನ ಕೂಲಿ ಹೆಣ್ಣುಮಗಳು ಹುಲಿಗೆಮ್ಮನದು. ಮೊದಲ ದಿನ ಆಕೆ ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು. ವಸ್ತ್ರವಿನ್ಯಾಸದ ಹುಡುಗಿ "ತುಂಬಾ ನೀಟಾಯ್ತು" ಎಂದು ತಲೆಯಾಡಿಸಿ, ತಾನು ನಾಲ್ಕು ದಿನ ಕೂತು ಚಹಾದ ನೀರಲ್ಲಿ ನೆನೆಸಿ, ಬೂದಿ ತಿಕ್ಕಿ, ಬೆನ್ನಲ್ಲೂ ಕಂಕುಳಲ್ಲೂ ಹರಿದಿಟ್ಟಿದ್ದ ಜಂಪರು ಕೊಟ್ಟಳು. ಎಂಥ ಸಹಜತೆ ಎಂದು ನಾನು ಹಲ್ಲು ಕಿರಿದೆ.

ಶನಿವಾರ ಆ ಜಂಪರೂ ಸೇರಿದ್ದ ಬಟ್ಟೆಗಳ ಗಂಟನ್ನು ತೋಳಿನ ಅಳತೆ ಸರಿಮಾಡಲೆಂದು ಮಾವ ಕುರುಗೋಡಿಗೆ ಒಯ್ದ. ಸೋಮವಾರ ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಗಂಟು ಬಿಚ್ಚಿದರೆ, ಏನು ಹೇಳಲಿ! ಒಗೆದು, ಗಂಜಿ ಹಾಕಿ, ಒಂದೊಂದು ಹರಕಿಗೂ ಬಣ್ಣ ಹೊಂದಿಸಿ ತೇಪೆ ಹಚ್ಚಿ, ಗುಂಡಿ ಕೂರಿಸಿ, ಇಸ್ತ್ರಿ ಮಾಡಿ ತಂದಿದ್ದ! ನಾಲ್ಕು ದಿನದ ಬಡತನವನ್ನು ಒಂದೇ ಭಾನುವಾರದಲ್ಲಿ ನಿರ್ಮೂಲನೆ ಮಾಡಿದ್ದ. ಯಾವ ಸರ್ಕಾರಕ್ಕೂ ಆಗದ ಕೆಲಸ.

ವಿನ್ಯಾಸದ ಹುಡುಗಿ ಅತ್ತೇಬಿಟ್ಟಳು. "ಯಾಕೆ ಹೀಗೆ ಮಾಡಿದಿರಿ?" ಎಂದು ನಿರ್ದೇಶಕಿ ಕೇಳಿದರು.

"ಈಕಿ ಮನ್ಯಾಗ ಸೂಜಿ ಇಲ್ಲೇನ್ರಿ ಮೇಡಂ?" ಎಂದ ಮಾವ. ಅಷ್ಟೇ.

ನಾಟಿ ಯಾರಿಗೂ ಕಾಯುವುದಿಲ್ಲ. ತೇಪೆಯ ಜಂಪರಿನಲ್ಲೇ ಚಿತ್ರೀಕರಣ ನಡೆಯಿತು. ಮಧ್ಯಾಹ್ನ ನಿರ್ದೇಶಕಿ ನನ್ನನ್ನು ಕರೆದು, "ನಾಳೆಯಿಂದ ನೀವಿಬ್ಬರೂ ಬರೋದು ಬೇಡ" ಎಂದರು. ನಾನು ಊರವರೆಲ್ಲರ ಎದುರು ಮಾವನನ್ನು ಬಾಯಿಗೆ ಬಂದಂತೆ ಬೈದೆ. "ನೀ ಮಾವ ಅಲ್ಲ, ನನಗ ಅಂಟಿದ ಶನಿ! ಬಟ್ಟಿ ಹೊಲಿ ಅಂದ್ರ ನನ್ನ ಬಾಳಿಗೆ ಕತ್ತರಿ ಹಾಕಿದಿ!" ಅವನು ಅಳತೆ ಟೇಪು ಸುತ್ತಿ ಜೇಬಿಗಿಟ್ಟುಕೊಂಡು, ತೆಲುಗಿನಲ್ಲಿ ಏನೋ ಗೊಣಗಿಕೊಂಡು ಬಸ್ಸು ಹತ್ತಿದ. ಸಿಟ್ಟು ನೆತ್ತಿಗೇರಿದರೆ ಅವನಿಗೆ ಕನ್ನಡ ಸಾಲುವುದಿಲ್ಲ.

ಎಂಟು ತಿಂಗಳು ಮಾತು ಬಿಟ್ಟೆ. ಭಾನುವಾರ ಮಹಡಿಗೆ ಬರಕೂಡದೆಂದು ಹೇಳಿಕಳಿಸಿದೆ. ಬರಲಿಲ್ಲ.

ಸಿನಿಮಾ ಬಿಡುಗಡೆಯಾಯಿತು. ನನ್ನ ಹೆಸರಿಲ್ಲ, ಬಿಡಿ. ಆದರೆ ವಿಮರ್ಶಕರೆಲ್ಲ ಏನನ್ನು ಹೊಗಳಿದರು ಗೊತ್ತೇ? ತೇಪೆಗಳನ್ನು! ದುಡಿಯುವ ಹೆಣ್ಣಿನ ಘನತೆಯೆಲ್ಲ ಆ ತೇಪೆಗಳಲ್ಲಿದೆಯಂತೆ. ನಿರ್ದೇಶಕಿ ವೇದಿಕೆಯ ಮೇಲೆ ನಿಂತು, ಅದು ತಮ್ಮ ತಂಡದ ಸಂಶೋಧನೆ ಎಂದರು. ಸಂಶೋಧನೆಯಂತೆ! ನನಗೆ ಅವರ ಮೇಲೆ, ವಿಮರ್ಶಕರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಮಾವನ ಮೇಲೆ ರೋಷ ಉಕ್ಕಿತು.

ಕಳೆದ ತಿಂಗಳು ಸಿರುಗುಪ್ಪದ ಕಲ್ಯಾಣಮಂಟಪವೊಂದರಲ್ಲಿ ಊರವರಿಗಾಗಿ ಬೆಳಗಿನ ಪ್ರದರ್ಶನ ಇಟ್ಟಿದ್ದರು. ಹೋಗಬಾರದೆಂದುಕೊಂಡೇ ಹೋದೆ. ಕೊನೆಯ ಸಾಲಿನಲ್ಲಿ ಮಾವ ಒಬ್ಬನೇ ಕೂತಿದ್ದ. ನೋಡಿಯೂ ನೋಡದಂತೆ ಮುಂದೆ ಹೋದೆ.

ಸಿನಿಮಾ ಮುಗಿದ ಮೇಲೆ ಹುಲಿಗೆಮ್ಮ ನನ್ನನ್ನು ಹುಡುಕಿಕೊಂಡು ಬಂದಳು. ಜೊತೆಗೆ ಮಗಳು, ಹೊಸ ಅಳಿಯ. ಅವರನ್ನು ಮುಂದೆ ಕಳಿಸಿ ಮೆಲ್ಲಗೆ ಹೇಳಿದಳು: "ಅವತ್ತು ಗದ್ಯಾಗ ನಿಮ್ಮ ಮಾವನ್ನ ಹಂಗ ಬೈದ್ರಲ್ಲ, ತಪ್ಪು ಆ ಅಣ್ಣಂದಲ್ರಿ. ಹೊಲಕಂಡು ಬರ್ರಿ ಅಂದಾಕಿ ನಾನು. ಬೆನ್ನು ಕಾಣ್ತಿತ್ತು. ಮಗಳಿಗೆ ಗಂಡು ನೋಡಾಕತ್ತಿದ್ವಿ, ನಾಕು ಮಂದಿ ಮುಂದ ಹೆಂಗ ನಿಲ್ಲಲಿ? ಮೇಡಂಗ ಹೇಳಿದ್ರ ಕೆಲಸ ಬಿಡಿಸ್ಯಾರು ಅಂತ ಅಂಜಿಕಿ. ನನ್ನ ಹೆಸರು ಎತ್ತಬ್ಯಾಡ್ರಿ ಅಂತ ಅಣ್ಣಗ ಕೈ ಮುಗದಿದ್ದೆ."

ಕೊನೆಯ ಸಾಲಿನಲ್ಲಿ ಮಾವ ಇರಲಿಲ್ಲ; ಬಸ್ ನಿಲ್ದಾಣಕ್ಕೆ ಓಡಿದೆ. ಮಾವ ಕಲ್ಲುಬೆಂಚಿನ ಮೇಲೆ ಕೂತಿದ್ದ. "ನನಗರ ಹೇಳಬೇಕಿತ್ತಲ್ಲೋ ಮಾವಾ!" ಎಂದು ಸಿಟ್ಟಿನಲ್ಲೇ ಕೂಗಿದೆ.

"ಹೇಳಿದ್ರ ನೀ ಏನ್ ಮಾಡ್ತಿದ್ದಿ?"

ನಾನು ಏನು ಮಾಡುತ್ತಿದ್ದೆನೆಂದು ನನಗೆ ಗೊತ್ತಿತ್ತು. ಹುಲಿಗೆಮ್ಮನನ್ನು ಕೂರಿಸಿಕೊಂಡು, ಇದು ಕಲೆ ತಾಯಿ, ನಾಚಿಕೊಳ್ಳಬೇಡ ಎಂದು ಬುದ್ಧಿ ಹೇಳುತ್ತಿದ್ದೆ. ಆಕೆಯ ಬೆನ್ನು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ನೀವು ಸಿನಿಮಾ ಮುಗಿಸಿ ಗಾಡಿ ಹತ್ತಿ ಹೋಗ್ತೀರಿ. ಆಕಿ ಇದ ಊರಾಗ ಇರಬೇಕಲ್ಲೋ," ಎಂದ ಮಾವ. ದನಿಯಲ್ಲಿ ಸಿಟ್ಟಿರಲಿಲ್ಲ.

ಕುರುಗೋಡಿನ ಬಸ್ಸು ಬಂತು. ಬಳ್ಳಾರಿಗೆ ಹೋಗುವ ನೇರ ಬಸ್ಸು ಅದರ ಹಿಂದೆಯೇ ನಿಂತಿತ್ತು. ಮಾವ ನೂಕುನುಗ್ಗಲಿನಲ್ಲಿ ಹತ್ತಿ, ಕಿಟಕಿಯ ಪಕ್ಕ ಕೂತು, ಹೆಗಲ ಮೇಲಿನ ಟವೆಲ್ಲನ್ನು ಪಕ್ಕದ ಸೀಟಿನ ಮೇಲೆ ಹಾಸಿದ. ಯಾರೋ ಅದನ್ನು ಸರಿಸಿ ಕೂರಲು ಹೋದರು.

"ಮಂದಿ ಅದಾರ್ರಿ," ಎಂದ, ನನ್ನ ಕಡೆ ನೋಡದೆ. "ನಮ್ಮ ಹುಡುಗ ಬರಾಕತ್ಯಾನ."