ಬಾಗಿಲಲ್ಲಿ ನಿಂತು ನಗುವ ನೌಕರಿ

ನಗು ಬಾರದವನ ಮುಂದೆಯೇ ನಗುವ ಸಂಗತಿಗಳು ನಡೆಯುತ್ತವೆ. ಯಾಕೋ ಗೊತ್ತಿಲ್ಲ. ನನ್ನ ನೌಕರಿಯುದ್ದಕ್ಕೂ ಹಾಗೇ ಆಯಿತು.

ನಾನು ಆಳಂದದವನು. ವಿಮಾನದೊಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸ ಮಾಡಿದೆ. ಹೆಣ್ಣುಮಕ್ಕಳು ಮಾಡಿದರೆ ಗಗನಸಖಿ ಎನ್ನುತ್ತಾರೆ. ಗಂಡಸಿಗೆ ಹೆಸರಿಲ್ಲ. ನಮ್ಮ ಓಣಿಯವರು ‘ವಿಮಾನದ ಕಂಡಕ್ಟರ್’ ಎಂದರು. ನಾನು ತಿದ್ದಲಿಲ್ಲ.

ಕೆಲಸ ದೊಡ್ಡದಲ್ಲ. ಬಾಗಿಲು ಹಾಕಬೇಕು, ಬೆಲ್ಟ್ ನೋಡಬೇಕು, ನೀರು ಕೊಡಬೇಕು, ನಗಬೇಕು. ಕೊನೆಯದೊಂದು ಬಿಟ್ಟು ಎಲ್ಲ ಬರುತ್ತಿತ್ತು.

ನಿವೃತ್ತಿ ಹತ್ತಿರ ಬಂದಾಗ ಕಲಬುರಗಿಯಿಂದ ಬೆಂಗಳೂರಿಗೆ ವಿಮಾನ ಶುರುವಾಯಿತು. ಪಂಖ ತಿರುಗುವ ಸಣ್ಣ ವಿಮಾನ. ಹತ್ತುವುದೂ ಇಳಿಯುವುದೂ ಹಿಂದಿನ ಬಾಗಿಲಿನಿಂದ. ಕೇಳಿಕೊಂಡು ಅದಕ್ಕೆ ಹಾಕಿಸಿಕೊಂಡೆ. ಅಲ್ಲಿಯವರೆಗೆ ಯಾರ್ಯಾರಿಗೋ ನೀರು ಕೊಟ್ಟಿದ್ದೆ. ಈಗ ಆಳಂದ, ಅಫಜಲಪುರ, ಜೇವರ್ಗಿಯ ಮಂದಿ ಹತ್ತುತ್ತಿದ್ದರು. ಅವರಿಗೆ ಕೊಟ್ಟು ನೌಕರಿ ಮುಗಿಸಬೇಕು ಅನ್ನಿಸಿತ್ತು.

ಅಷ್ಟರಲ್ಲಿ ನಮ್ಮ ಮೇಲ್ವಿಚಾರಕಿ ಮೇಡಂ ಕರೆದರು. ನನ್ನ ಮಗಳಿಗಿಂತ ಸಣ್ಣವರು.

“ಸರ್, ನಿಮ್ಮ ಕೆಲಸದಲ್ಲಿ ದೋಷವಿಲ್ಲ. ಮುಖದಲ್ಲಿದೆ.”

“ಮುಖ ಇದೊಂದೇ ಇರೋದು ಮೇಡಂ.”

“ಪ್ರಯಾಣಿಕರು ಇಳಿಯುವಾಗ ಬಾಗಿಲಲ್ಲಿ ನಿಂತು ನಗಬೇಕು. ಒಂದು ದಿನ ನಾನೇ ಬಂದು ನೋಡ್ತೀನಿ. ಆವತ್ತೂ ನಗದಿದ್ರೆ ನಿಮ್ಮನ್ನ ಕೆಳಗೆ ಲಗೇಜಿಗೆ ಹಾಕಬೇಕಾಗುತ್ತೆ. ಸೂಟ್‌ಕೇಸುಗಳು ಮುಖ ನೋಡೋದಿಲ್ಲ.”

ಮನೆಗೆ ಬಂದು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ಹೆಂಡತಿ ಹಾದುಹೋಗುತ್ತ ನಿಂತಳು.

“ಹಲ್ಲು ನೋಯಾಕತ್ತಾವೇನ್ರಿ?”

ಅಭ್ಯಾಸ ಅಲ್ಲಿಗೇ ಬಿಟ್ಟೆ.

ಟಾವೆಲ್

ಜೇವರ್ಗಿ ಕಡೆಯ ಒಬ್ಬರು ಎಲ್ಲರಿಗಿಂತ ಮೊದಲು ಓಡಿ ಬಂದು ಹತ್ತಿದರು. ಹೆಗಲ ಮೇಲಿನ ಟಾವೆಲ್ ತೆಗೆದು ಮುಂದಿನ ಎರಡು ಸೀಟಿಗೆ ಹಾಸಿದರು. ಬಸ್ಸಿನಲ್ಲಾದರೆ ಕಿಟಕಿಯಿಂದಲೇ ಒಳಗೆ ಎಸೆದು ಸೀಟು ಹಿಡಿಯುತ್ತಿದ್ದರು. ಇಲ್ಲಿ ಕಿಟಕಿ ತೆರೆಯಲಿಲ್ಲ ಎಂದು ಬೇಸರಪಟ್ಟುಕೊಂಡರು.

“ಇವು ನಿಮ್ಮ ಸೀಟಲ್ರಿ. ಚೀಟಿ ಮ್ಯಾಲ ನಂಬರ್ ಇರ್ತದ,” ಅಂದೆ.

“ನಂಬರ್ ಇರ್ಲಿ. ಟಾವೆಲ್ ಹಾಕೀನಲ್ರಿ.”

ನಾನು ನಿಯಮ ಹೇಳುತ್ತ ನಿಂತೆ. ಅಷ್ಟರಲ್ಲಿ ಆ ಸೀಟಿನ ನಿಜವಾದ ಹಕ್ಕುದಾರ ಬಂದರು, ಅಫಜಲಪುರದ ವ್ಯಾಪಾರಿ. ಬಂದದ್ದು ಒಳ್ಳೆಯದಾಯಿತು ಎಂದುಕೊಂಡೆ. ಅವರು ಚೀಟಿ ನೋಡಿದರು. ಸೀಟು ನೋಡಿದರು. ಟಾವೆಲ್ ನೋಡಿದರು. ಆಮೇಲೆ ನನ್ನನ್ನೇ ಗದರಿಸಿದರು.

“ಟಾವೆಲ್ ಹಾಕ್ಯಾರ್ರಿ ಅವ್ರು. ಲೇಟಾಗಿ ಬಂದಾಂವ ನಾ. ಅವರಿಗ್ಯಾಕ ಕಾಡ್ತೀರಿ?”

ಹಿಂದೆ ಹೋಗಿ ಕುಳಿತರು. ಇಡೀ ವಿಮಾನದಲ್ಲಿ ನಂಬರಿನ ಪರವಾಗಿ ನಿಂತವನು ನಾನೊಬ್ಬನೇ.

ಒಂಟಿ

ತಟ್ಟೆಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡು ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಿದ್ದೆ. ಮೊದಲ ಸಾಲಿನ ಅಮ್ಮ ಕೈ ಹಿಂದೆಗೆದರು.

“ಒಂದು ಕೊಡಬಾರದ್ರಿ. ಒಂಟಿ ಕೊಟ್ರ ಕೊಟ್ಟೋರಿಗೂ ಛಲೋ ಅಲ್ಲ, ತಗೊಂಡೋರಿಗೂ ಛಲೋ ಅಲ್ಲ.”

ಮೂವತ್ತು ವರ್ಷದ ನೌಕರಿಯಲ್ಲಿ ಒಂಟಿಯನ್ನೇ ಕೊಡುತ್ತ ಬಂದಿದ್ದೆ. ಮನೆಯಲ್ಲಿ ನನ್ನ ತಾಯಿಯೂ ಇದನ್ನೇ ಹೇಳುತ್ತಿದ್ದಳು. ನೆನಪಾಗಿ ಎರಡು ಕೊಟ್ಟೆ. ಪಕ್ಕದವರಿಗೂ ಎರಡು. ಹಿಂದಿನವರು ಕೈ ಚಾಚಿಯೇ ಇದ್ದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ತಟ್ಟೆಯಲ್ಲಿ ಉಳಿದದ್ದು ಒಂದು.

ಅಲ್ಲಿದ್ದವರು ಕಡಗಂಚಿಯ ಕಡೆಯ ಹಿರಿಯರು. ಅದನ್ನು ತಗೊಂಡರು, ನೋಡಿದರು, ಮೆಲ್ಲಗೆ ಮತ್ತೆ ತಟ್ಟೆಗೇ ಇಟ್ಟರು.

“ನಿಮ್ಮ ಮನ್ಯಾಗ ಹೆಂಡ್ರು ಮಕ್ಕಳು ಇರ್ತಾರ. ನನ್ನ ಸಲುವಾಗಿ ಅವರಿಗ್ಯಾಕ ತ್ರಾಸ?”

ಮಾಲಕ

ಭೂಸನೂರಿನ ಕಬ್ಬಿನ ರೈತರೊಬ್ಬರು ಗುಂಡಿ ಒತ್ತಿ ಕರೆದರು. ಹೋದೆ.

“ಏನು ಬೇಕ್ರಿ?”

“ನಮಗೇನೂ ಬ್ಯಾಡ್ರಿ. ಹತ್ತಿದಾಗಿಂದ ನೋಡಾಕತ್ತೀನಿ, ನಿಂತೇ ಇದ್ದೀರಿ. ಇಲ್ಲಿ ಜಾಗ ಖಾಲಿ ಅದ. ಕುಂಡ್ರಿ.”

“ಕುಂಡ್ರಾಂಗಿಲ್ರಿ. ಡ್ಯೂಟಿ.”

ಅವರು ಕಿಟಕಿಯಿಂದ ಕೆಳಗೆ ನೋಡಿದರು. ಭೀಮಾ ನದಿ ದಾರದ ಹಾಗೆ ಕಾಣುತ್ತಿತ್ತು. ನನ್ನ ಕಡೆ ಬಾಗಿ ಮೆಲ್ಲಗೆ ಅಂದರು:

“ಕುಂಡ್ರಿ ಸುಮ್ನ. ಇಷ್ಟು ಮ್ಯಾಲ ಯಾವ ಮಾಲಕ ಬರ್ತಾನ್ರಿ?”

ಉಂಡಿ

ಬಂದರು. ಮರುವಾರವೇ ಮೇಡಂ ಬಂದರು. ಮುಂದಿನ ಸಾಲಿನಲ್ಲಿ ಕುಳಿತು, “ಬೆಂಗಳೂರಿನಲ್ಲಿ ಬಾಗಿಲ ಹತ್ತಿರ ನೋಡ್ತೀನಿ ಸರ್,” ಅಂದರು. ನಾನು ನಗಲು ನೋಡಿದೆ. ಅವರು ಬೇರೆ ಕಡೆ ತಿರುಗಿದರು.

ಬಾಗಿಲ ಪಕ್ಕದ ಕೊನೆಯ ಸೀಟಿನಲ್ಲಿ ಅತನೂರಿನ ಮುದುಕಿ ಒಬ್ಬಳು. ಮೊದಲ ಸಲ ವಿಮಾನ ಹತ್ತಿದ್ದಳು. ಮಗಳು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಅಲ್ಲೇ ಹೆರಿಗೆಯಾಗಿತ್ತು. ಬಾಣಂತಿಗೆಂದು ಅಂಟಿನ ಉಂಡಿಯ ಡಬ್ಬಿ ತಂದಿದ್ದಳು. ಡಬ್ಬಿಯನ್ನು ಮೇಲಿನ ಖಾನೆಯಲ್ಲಿ ನಾನೇ ಇಟ್ಟೆ. ಇಡುವಾಗ “ಅಡ್ಡಾಗ್ಬಾರ್ದು ನೋಡು ತಮ್ಮಾ” ಎಂದು ಹೇಳಿ, ಮತ್ತೆ ಎದ್ದು ತಾನೇ ಒಮ್ಮೆ ನೋಡಿದಳು.

ವಿಮಾನ ಏಳುವಾಗ ನನ್ನ ಸೀಟು ಅವಳ ಹತ್ತಿರವೇ. ಅವಳು ನನ್ನ ತೋಳು ಗಟ್ಟಿಯಾಗಿ ಹಿಡಿದಳು. ನಾನು ಬಿಡಿಸಿಕೊಳ್ಳಲಿಲ್ಲ. ವಿಮಾನ ನೆಟ್ಟಗಾದ ಮೇಲೆ ಬಿಟ್ಟಳು. ಬಿಟ್ಟವಳೇ ಕೇಳಿದಳು:

“ಊಟ ಆತೇನು, ತಮ್ಮಾ?”

“ಇಲ್ಲ ಯವ್ವಾ. ಆಮ್ಯಾಲ ಉಣ್ತೇನಿ.”

“ಊರ ಮಂದಿಗೆಲ್ಲ ನೀಡ್ತೀ, ನೀ ಉಂಡಿಲ್ಲ?”

ನಾನು ಕೊಟ್ಟ ತಿಂಡಿಯನ್ನು ಅವಳು ಮುಟ್ಟಲಿಲ್ಲ. ಬಡಿಸಿದವನು ಹಸಿದಿರುವಾಗ ಉಣ್ಣುವ ಪದ್ಧತಿ ತಮ್ಮ ಮನೆಯಲ್ಲಿಲ್ಲ ಅಂದಳು. ದಾರಿಯುದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಳು.

ಬೆಂಗಳೂರು ಬಂತು. ಬಾಗಿಲು ತೆರೆದು ನಿಂತೆ. ಡಬ್ಬಿ ಇಳಿಸಿ ಕೊಟ್ಟೆ. ಎಲ್ಲರಿಗಿಂತ ಮೊದಲು ಇಳಿಯಬೇಕಾದವಳು ಅವಳು. ಇಳಿಯಲಿಲ್ಲ. ದಾರಿಗೆ ಅಡ್ಡ ನಿಂತು ಡಬ್ಬಿಯ ಮುಚ್ಚಳ ತೆಗೆದಳು.

“ಬಾಯಿ ತಗಿ.”

“ಯವ್ವಾ, ಇದು ಬಾಣಂತಿಗೆ ತಂದದ್ದು.”

“ಬಾಣಂತಿಗೆ ಡಬ್ಬಿ ತುಂಬ ಅದಾವ. ನಿನ್ನ ಮಾರಿ ಬಾಣಂತಿಗಿಂತ ಸೊರಗೇದ. ತಗಿ ಬಾಯಿ!”

ಆ ದನಿಗೆ ಬಾಯಿ ತಾನಾಗಿ ತೆರೆಯಿತು. ಇಡೀ ಉಂಡಿ ಒಳಗೆ ಹೋಯಿತು. ಒಣಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ; ಕಲ್ಲಿನಷ್ಟು ಗಟ್ಟಿ. ಅದನ್ನು ಒಂದು ದವಡೆಗೆ ದಬ್ಬಿ ಉಸಿರು ಬಿಟ್ಟೆ. ಅವಳು ಮತ್ತೊಂದು ತೆಗೆದಳು.

“ಒಂಟಿ ಕೊಡಬಾರದಪ್ಪಾ.”

ಅದು ಇನ್ನೊಂದು ದವಡೆಗೆ ಹೋಯಿತು. ನನ್ನ ತಲೆ ಮುಟ್ಟಿ, ತನ್ನ ಹಣೆಯ ಬದಿಗೆ ಬೆರಳೊತ್ತಿ ಲಟಿಕೆ ಮುರಿದು, ಮೆಟ್ಟಿಲು ಇಳಿದಳು.

ಹಿಂದೆ ಸಾಲು ಕಾಯುತ್ತಿತ್ತು. ಅಗಿಯಲು ಬರುವಂತಿಲ್ಲ. ಉಗುಳುವ ಮಾತೇ ಇಲ್ಲ. ಕೈ ಮುಗಿದು ನಿಂತೆ. ಎರಡೂ ಕೆನ್ನೆ ಉಬ್ಬಿದ್ದವು, ತುಟಿ ಕಿವಿಯವರೆಗೆ ಹಿಗ್ಗಿತ್ತು. ಇಳಿಯುವವರು ಒಬ್ಬೊಬ್ಬರಾಗಿ ನನ್ನ ಮುಖ ನೋಡಿ ನಕ್ಕರು. “ಬರ್ತೇವ್ರಿ” ಅಂದರು. ಒಬ್ಬರು ಕೈ ಕುಲುಕಿದರು.

ಕೊನೆಗೆ ಮುಂದಿನಿಂದ ಮೇಡಂ ಬಂದರು. ನನ್ನನ್ನು ನೋಡಿ ನಿಂತೇಬಿಟ್ಟರು.

“ಸರ್! ಇದೇ! ಇದೇ ನಗು ನನಗೆ ಬೇಕಾಗಿದ್ದದ್ದು! ಇಷ್ಟು ದಿನ ಎಲ್ಲಿಟ್ಟಿದ್ರಿ?”

ತಲೆ ಆಡಿಸಿದೆ.

“ನೋಡಿ, ಕಣ್ಣಲ್ಲಿ ನೀರೂ ಬಂದಿದೆ. ಮನಸ್ಸಿನಿಂದ ನಕ್ಕರೆ ಹಾಗೇ. ಇನ್ನು ನೀವು ಕೆಳಗಿಳಿಯೋದು ಬೇಡ, ವಿಮಾನದಲ್ಲೇ ಇರಿ.”

ಉಂಡಿ ಗಟ್ಟಿ ಇತ್ತು. ಅದಕ್ಕೇ ನೀರು ಬಂದದ್ದು. ಬೇರೇನಲ್ಲ.

ಇದನ್ನು ಕೇಳಿದ ಹೆಂಡತಿ, ಆಮೇಲೆ ನಾನು ಡ್ಯೂಟಿಗೆ ಹೊರಡುವಾಗಲೆಲ್ಲ ಜೇಬಿಗೆ ಎರಡು ಉಂಡಿ ಹಾಕುತ್ತಿದ್ದಳು. ನಿವೃತ್ತಿಯವರೆಗೆ ನಮ್ಮ ಮಂದಿಗೇ ನೀರು ಕೊಟ್ಟೆ. ಬಾಗಿಲಲ್ಲಿ ಚೆನ್ನಾಗಿ ನಗುವವನೆಂದು ಹೆಸರೂ ಬಂತು.

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಫೋಟೊ ತೆಗೆಯುವವನು ಬಂದಿದ್ದ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಅಜ್ಜಾರ, ಸ್ವಲ್ಪ ನಗ್ರಿ,” ಅಂದ. ನಕ್ಕೆ. ಅವನು ಕ್ಯಾಮೆರಾ ಇಳಿಸಿ, “ಅಜ್ಜಾರಿಗೆ ಆರಾಮಿಲ್ಲೇನ್ರಿ?” ಎಂದು ಕೇಳಿದ.

“ತಡಿಯಪ್ಪಾ,” ಎಂದು ಹೆಂಡತಿ ಸಾಲಿನಿಂದ ಹೊರಬಂದು ಅಡುಗೆಮನೆಗೆ ಹೋದಳು. ಬರುವಾಗ ಎರಡು ತಂದಳು.