ಹುಡುಗಿ ಭಾಳ ಚಲೋ, ಆ್ಯಪ್ ನೋಡಿಲ್ಲ

ಯಾರಿಗಾದರೂ ಸಹಾಯ ಬೇಕೆಂದರೆ ನಾನು ಹಿಂದೆ ಮುಂದೆ ನೋಡುವವನಲ್ಲ. ಹೀಗಾಗಿ ನಮ್ಮ ಬಳಗದಲ್ಲಿ ಯಾರೂ ನನ್ನನ್ನು ಸಹಾಯ ಕೇಳುವುದಿಲ್ಲ. ನಮ್ಮಣ್ಣನ ಮಗಳು ಶ್ರುತಿ ಮಾತ್ರ ಕೇಳಿದಳು. ಪಾಪ, ಅವಳಿಗೆ ಅನುಭವವಿರಲಿಲ್ಲ.

ಹೈದರಾಬಾದಿನಲ್ಲಿ ಬೆಳೆಯುವ ನಮ್ಮ ಕನ್ನಡ ಮನೆಗಳ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು, ಜಗಳದಲ್ಲಿ ಹಿಂದಿ ಮಾತಾಡಿ, ಅಜ್ಜಿಯ ಮುಂದೆ ಬಂದಾಗ ಸುಮ್ಮನೆ ಹಲ್ಲು ಕಿರಿಯುತ್ತವೆ. ಅಂಥವರಿಗೆ ಕನ್ನಡ ಕಲಿಸುವ ಆ್ಯಪ್ ಒಂದನ್ನು ಶ್ರುತಿ ಇದ್ದ ನೌಕರಿ ಬಿಟ್ಟು ಮಾಡಿದ್ದಳು. ಅದಿನ್ನೂ ಅರೆಬೆಂದದ್ದು. ಹಿಮಾಯತ್‌ನಗರದ ಒಂದು ಸಂಸ್ಥೆಯವರು, ಬಳಸಿದವರ ಅಭಿಪ್ರಾಯ ತೋರಿಸಿದರೆ ಹಣ ಕೊಟ್ಟು ಕೈಹಿಡಿಯುವ ವಿಚಾರ ಮಾಡುತ್ತೇವೆ ಎಂದಿದ್ದರು. ಅವರು ಒಲ್ಲೆವೆಂದರೆ ಆ್ಯಪ್ ಮುಚ್ಚಿ ಮತ್ತೆ ನೌಕರಿ ಹುಡುಕುವುದೇ ಗತಿ.

"ಕಾಕಾ, ನಿಮ್ಮ ಮಲ್ಕಾಜ್‌ಗಿರಿ ಕಡೆ ಕನ್ನಡ ಮಂದಿಗೆ ಹೇಳ್ರಿ. ಬಳಸಿ ನೋಡಿ, ತಪ್ಪಿದ್ದದ್ದು ತಪ್ಪು ಅಂತ ಬರೀಲಿ," ಎಂದಳು.

"ಅಷ್ಟೇನವ್ವಾ? ಕೆಲಸ ಆತು ಅಂತ ತಿಳಿ!"

ತಪ್ಪು ಬರೆಸುವುದೇ? ನಮ್ಮ ಹುಡುಗಿಯ ಕೆಲಸಕ್ಕೆ? ಉಣ್ಣಲು ಕರೆದವರ ಮನೆಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ಇನ್ನೊಂದು ಸೌಟು ಹಾಕಿಸಿಕೊಳ್ಳುವ ಜನ ನಾವು! ನನ್ನೊಂದಿಗೆ ರೈಲ್ವೆಯಿಂದ ನಿವೃತ್ತರಾದ ಪಾಟೀಲರಿಂದ ಹಿಡಿದು, ಗೊತ್ತಿದ್ದ ಕನ್ನಡ ಮನೆಗಳಿಗೆಲ್ಲ ಫೋನ್ ಹಚ್ಚಿದೆ.

"ನಮ್ಮ ಅಣ್ಣನ ಮಗಳ್ರಿ, ಶ್ರುತಿ. ಭಾಳ ಶಾಣ್ಯಾಕಿ. ಎಂ.ಟೆಕ್ ಮಾಡ್ಯಾಳ. ದೊಡ್ಡೋರಂದ್ರ ಭಾಳ ಮರ್ಯಾದಿ. ಒಂದು ಆ್ಯಪ್ ಮಾಡ್ಯಾಳ, ನಾಕು ಚಲೋ ಮಾತು ಬರೀರಿ."

"ಬಳಸಿ ನೋಡಬೇಕೇನ್ರಿ?" ಎಂದರು ಪಾಟೀಲರು.

"ಛೇ ಛೇ, ನಿಮಗ್ಯಾಕ ಆ ತ್ರಾಸ!"

ಇತ್ತ ನನ್ನ ಹೆಂಡತಿ ಸುಮಿತ್ರಾ, ಕೆಳಗಿನ ಮನೆಯ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋನಿನಲ್ಲಿ ಆ್ಯಪಿನ ಪಾಠ ಒತ್ತುತ್ತ ಕುಳಿತಿದ್ದಳು.

"ರೀ, ಇಲ್ಲಿ ಅಕ್ಕಿ ಅಂತ ಒತ್ತಿದ್ರ ಆನಿ ಬರಾಕತ್ತೇತಿ. ತಪ್ಪಾದ್ರ ಕೆಂಪು ದೀಪ ಹತ್ತಿ ಹಾಳು ಸಪ್ಪಳ! ಕೂಸು ಹೆದರಿ ಅಳಾಕತ್ತೇತಿ. ಇದನ್ನ ಬರೀತೀನಿ."

"ಹುಚ್ಚೇನ ನಿನಗ? ನಮ್ಮ ಹುಡುಗಿಗೆ ನಾವ ತಪ್ಪು ತಗದು ಹೆಸರಿಡೋದೇನು?"

"ಆಕಿ ಕೇಳಿದ್ದು ಅದನ್ನ ಅಲ್ಲೇನ್ರಿ?" ಎಂದವಳೇ ಬರೆದು ಕಳಿಸಿಯೇಬಿಟ್ಟಳು. ನಾನು ಊಟದ ತನಕ ಮುನಿಸಿಕೊಂಡಿದ್ದೆ.

ಸಂಸ್ಥೆಯವರಿಗೆ ಅಭಿಪ್ರಾಯ ತೋರಿಸುವ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶ್ರುತಿಯೊಂದಿಗೆ ನಾನೂ ಹೊರಟೆ. ನಮ್ಮ ಮಂದಿ ಬರೆದು ಕಳಿಸಿದ್ದು ಅವತ್ತು ಬೆಳಿಗ್ಗೆ. ಓದಲು ಶ್ರುತಿಗೆ ಪುರಸೊತ್ತೇ ಸಿಕ್ಕಿರಲಿಲ್ಲ. ಆ ಸಂಸ್ಥೆಯ ಮೇಡಂಗೆ ಕನ್ನಡ ಬಾರದು, ಹೀಗಾಗಿ ಬಂದ ಅಭಿಪ್ರಾಯಗಳನ್ನೆಲ್ಲ ಅನುವಾದದ ಸಮೇತ ಗೋಡೆಯಷ್ಟು ದೊಡ್ಡ ತೆರೆಯ ಮೇಲೆ ಹಾಕಿದರು. ನಾನು ಮೀಸೆ ತೀಡಿಕೊಂಡೆ.

ಮೊದಲನೆಯದು: "ಆ್ಯಪ್ ಚಲೋ ಐತಿ. ಹುಡುಗಿ ಇನ್ನೂ ಚಲೋ. ಗೋತ್ರ ಯಾವುದು?"

ಎರಡನೆಯದು: "ನಮ್ಮ ತಂಗಿ ಮಗ ಜೀಡಿಮೆಟ್ಲಾದಾಗ ಔಷಧ ಕಂಪನಿಯೊಳಗ ಅದಾನ. ಸ್ವಂತ ಮನಿ ಐತಿ. ಸುಧಾರಣೆಗೆ ಸಲಹೆ: ಹುಡುಗಿ ಫೋಟೋ ಹಾಕ್ರಿ."

ಮೂರನೆಯದು ಪಾಟೀಲರದು: "ನಮಗ ಒಪ್ಪಿಗಿ ಐತಿ. ಜಲ್ದಿ ಜಾತಕ ಕಳಸ್ರಿ!"

ಮೇಡಂ ಕನ್ನಡಕ ಸರಿಮಾಡಿಕೊಂಡು, "ಯೇ ಗೋತ್ರ ಕೌನ್‌ಸಾ ಫೀಚರ್ ಹೈ?" ಎಂದು ಗಂಭೀರವಾಗಿ ಕೇಳಿದರು. ಶ್ರುತಿ ತಿರುಗಿ ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ. ಮದುವೆ ವಯಸ್ಸಿನ ಹುಡುಗಿಯ ಕಾಕಾ ಮನೆಮನೆಗೆ ಫೋನ್ ಮಾಡಿ ಆಕೆಯ ಗುಣಗಾನ ಮಾಡಿದರೆ ನಮ್ಮವರಿಗೆ ಅರ್ಥವಾಗುವುದು ಒಂದೇ ಸಂಗತಿ! "ನೇರ ಕೇಳಾಕ ಸಂಕೋಚ, ಅದಕ್ಕ ಆ್ಯಪಿನ ನೆಪ ಮಾಡಾಕತ್ತೀರಿ ಅಂತ ತಿಳಕೊಂಡ್ವಿ," ಎಂದು ಪಾಟೀಲರು ಆಮೇಲೆ ಹೇಳಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಯಾರು ಯಾವ ಪಾಠ ತೆರೆದಿದ್ದಾರೆ ಎಂಬುದನ್ನೂ ಆ ಹಾಳು ತೆರೆ ತೋರಿಸುತ್ತಿತ್ತು. ನಾನು ಫೋನ್ ಹಚ್ಚಿದವರಲ್ಲಿ ಯಾರೂ ಒಂದೂ ಪಾಠ ತೆರೆದಿರಲಿಲ್ಲ! ಶ್ರುತಿಯ ಮುಖ ಸಪ್ಪಗಾಯಿತು. ಸಹಾಯ ಮಾಡಲು ಹೋಗಿ ಹುಡುಗಿಯ ಕನಸನ್ನೇ ಮುಳುಗಿಸಿದ್ದೆನಲ್ಲ!

ಕೊನೆಗೆ ಬಂದದ್ದು ಸುಮಿತ್ರಾಳದು. ಅಕ್ಕಿ, ಆನೆ, ಕೆಂಪು ದೀಪ, ಕೂಸಿನ ಅಳು, ಎಲ್ಲವೂ ಇದ್ದವು. ಮುಗಿಯಿತು ಕಥೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಮೇಡಂ ಮಾತ್ರ ಕುರ್ಚಿಯನ್ನು ಮುಂದೆ ಎಳೆದುಕೊಂಡು ಎರಡೆರಡು ಸಲ ಓದಿದರು.

"ಇವರೊಬ್ಬರು ನಿಜವಾಗಿ ಬಳಸಿದ್ದಾರೆ. ಹೇಳಿದ್ದನ್ನೆಲ್ಲ ತಿದ್ದು, ಇಂಥವರನ್ನೇ ಇನ್ನಷ್ಟು ಹುಡುಕು, ಮುಂದಿನ ತಿಂಗಳು ಬಾ," ಎಂದು ಹಿಂದಿಯಲ್ಲೇ ಹೇಳಿದರು. ಬಾಗಿಲು ಮುಚ್ಚಿರಲಿಲ್ಲ! ವಾಪಸು ಬರುವಾಗ ಆಟೋದಲ್ಲಿ ಶ್ರುತಿ ಅತ್ತಳು, ಆಮೇಲೆ "ಗೋತ್ರ ಫೀಚರ್" ಎಂದು ನೆನೆದು ನಕ್ಕಳು, ಮತ್ತೆ ಅತ್ತಳು.

ಮರುವಾರ ಆ್ಯಪ್ ತಿದ್ದಿಕೊಂಡು ಮನೆಗೆ ಬಂದವಳು ನೇರ ತನ್ನ ಕಾಕು ಸುಮಿತ್ರಾಳ ಹತ್ತಿರ ಹೋಗಿ ಕುಳಿತಳು. ನನ್ನನ್ನು ಯಾರೂ ಕರೆಯಲಿಲ್ಲ.

"ನನ್ನೂ ಸೇರಿಸ್ಕೊಳ್ಳವ್ವಾ," ಎಂದು ಗೋಗರೆದೆ.

"ಒಂದ ಒಂದು ತಪ್ಪು ಹುಡುಕಿ ಹೇಳ್ರಿ ಕಾಕಾ, ಸೇರಿಸ್ಕೋತೀನಿ."

ಫೋನ್ ಕೈಗೆತ್ತಿಕೊಂಡೆ. ಕನ್ನಡಕ ಹಾಕಿರಲಿಲ್ಲವಾದ್ದರಿಂದ ಆದಷ್ಟು ದೂರ ಹಿಡಿದು, ಈ ಸಲ ನಿಷ್ಠುರನಾಗಿಯೇ ತೀರಬೇಕೆಂದು ಒತ್ತಿ ಒತ್ತಿ ನೋಡಿದೆ. ಏನು ಮಾಡಲಿ, ನಮ್ಮ ಹುಡುಗಿ! ಮನಸ್ಸು ಬರಲಿಲ್ಲ.

"ಅಂಕಿ ಪಾಠ ಏನ್ ಚಂದ ಮಾಡೀಯಲ್ಲವ್ವಾ! ಒತ್ತಿದ್ದ ಅಂಕಿ ಒತ್ತಿದಂಗ ಬರಾಕತ್ತೇತಿ. ಒಂದೂ ತಪ್ಪಿಲ್ಲ ನೋಡು!"

ಶ್ರುತಿ ಮೆಲ್ಲಗೆ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಕಾಕಾ, ಇದು ಕ್ಯಾಲ್ಕುಲೇಟರ್."