ಅಣ್ಣ ಬರೆದ ಮೆನು

ವೆಬ್‌ಸೈಟಿಗೆ ಮೆನು ಕಟ್ಟುವವರ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಗಬೇಕೋ ಅಳಬೇಕೋ ತಿಳಿಯುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ. ತೆಲುಗು ನಾಡಿನ ಬೇಗಂಪೇಟೆಯ ಪುಟ್ಟ ಕಂಪನಿ ನಮ್ಮದು. ನಾನು ಮೈಸೂರಿನವಳು, ನನ್ನ ಸೀನಿಯರ್ ಕಲಬುರಗಿಯವರು. ಅವರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ಯಾರು ಲಾಗಿನ್ ಆಗುತ್ತಾರೋ ಅವರಿಗೆ ತಕ್ಕ ಮೆನುವನ್ನು, ಅಂದರೆ ಆಯ್ಕೆಗಳ ಪಟ್ಟಿಯನ್ನು, ಸರ್ವರ್ ಆ ಕ್ಷಣವೇ ಜೋಡಿಸಿ ಕೊಡುವಂತೆ ಕೋಡ್ ಬರೆಯುವುದು ನಮ್ಮ ಕೆಲಸ.

೧. ಮೇಲೆ ಯಾರು?

ನಮ್ಮಲ್ಲಿ ಸೈಟ್ ಮಾಡಿಸಿದ ಮುತ್ತಿನ ಅಂಗಡಿಯ ಭಾವ, ಭಾಮೈದ ಇಬ್ಬರಿಗೂ ತಂತಮ್ಮ ಶಾಖೆಯೇ ಮೆನುವಿನಲ್ಲಿ ಮೇಲಿರಬೇಕು. ಪುಟ ತೆರೆದಾಗಲೆಲ್ಲ ಹೆಸರುಗಳು ಅದಲುಬದಲಾಗುವಂತೆ ಅಣ್ಣ ಮಾಡಿಕೊಟ್ಟರು. ಇಬ್ಬರೂ ವ್ಯಾಪಾರ ಬಿಟ್ಟು, ತನ್ನದು ಮೇಲೆ ಬಂತಾ ಅಂತ ಪುಟ ತೆರೆಯುತ್ತಲೇ ಕೂತರು. ಕೊನೆಗೆ ಜಗಳವಾಡಿ ಬೇರೆಯಾದರು. ಭಾವನ ಹೆಸರು ತೆಗೆಸಿದ ಭಾಮೈದ ಒಂದೇ ವಾರಕ್ಕೆ ಫೋನ್ ಮಾಡಿದ.

"ಅವರದೂ ಹಾಕಿಬಿಡಿ. ಕೆಳಗೆ ಯಾರೂ ಇಲ್ಲದೆ ಮೇಲಿದ್ದು ಏನು ಪ್ರಯೋಜನ?"

೨. ಕಪ್ಪು, ದಿಂಬು

ಆಮೇಲೆ ಐಟಿಯ ಅಬ್ಬರ ಇಳಿಯಿತು. ಕೆಲಸ ಹೋಯಿತೆಂದು ಮುಖ ನೋಡಿ ಹೇಳಲು ನಮ್ಮ ಸಾಹೇಬರಿಗೆ ಧೈರ್ಯವಿರಲಿಲ್ಲ. ಆಫೀಸಿನ ಸೈಟಿನಲ್ಲಿ ಕೆಲಸ ಹೋದವನ ಹಕ್ಕುಗಳನ್ನಷ್ಟೇ ತೆಗೆದುಬಿಡುತ್ತಿದ್ದರು. ಬೆಳಿಗ್ಗೆ ಅವನು ಲಾಗಿನ್ ಆದರೆ ಮೆನುವಿನಲ್ಲಿ 'ಲಾಗೌಟ್' ಒಂದೇ ಉಳಿದಿರುತ್ತಿತ್ತು. ಆ ಮೆನು ಬರೆದವರೂ ಅಣ್ಣನೇ.

ಒಂದು ದಿನ, ಕೋಡ್ ಪರೀಕ್ಷಿಸುವ ನಮ್ಮ ಹುಬ್ಬಳ್ಳಿ ಟೆಸ್ಟರ್‌ಗೆ ಲಾಗೌಟ್ ಒಂದೇ ಕಂಡಿತು. ಕಣ್ಣೊರೆಸಿಕೊಳ್ಳುತ್ತ ತನ್ನ ಚಹಾದ ಕಪ್ಪು ನನಗೆ, ಕುರ್ಚಿಯ ದಿಂಬು ಪಕ್ಕದವನಿಗೆ ಕೊಟ್ಟು, ಸಾಹೇಬರ ಕೋಣೆಗೆ ಹೋಗಿ ಮನಸಾರೆ ಬೈದು ಹೊರಟ. ಅಷ್ಟರಲ್ಲಿ ಕೋಡಿನಲ್ಲಿ ತಪ್ಪು ಕಂಡ ಅಣ್ಣ ಹಿಂದೆಯೇ ಓಡಿದರು. "ನಿಲ್ಲಪಾ, ಬಗ್ ಆಗೇತಿ! ನಿನ್ನ ಕೆಲಸ ಹೋಗಿಲ್ಲ!"

ಅವನು ಬಾಗಿಲಲ್ಲೇ ತಿರುಗಿ ನಿಂತ. "ಕಪ್ಪು, ದಿಂಬು ವಾಪಸ್ ಇಸ್ಕೋತೀನ್ರಿ. ಬೈದದ್ದು ಹೆಂಗ್ ಇಸ್ಕೊಳ್ಲಿ?"

೩. ಬಗ್ ಇಲ್ಲದ ಕೋಡ್

ಅಣ್ಣ ಆಗಷ್ಟೇ ಹೆಂಡತಿ, ಮಗಳನ್ನು ಲಿಂಗಂಪಲ್ಲಿಗೆ ಕರೆತಂದಿದ್ದರು. ತೆಲುಗು ಬಾರದೆ ಶಾಲೆಯಲ್ಲಿ ದಿನಾ ಅಳುತ್ತಿದ್ದ ಮಗಳಿಗೆ ಕೊನೆಗೂ ಒಬ್ಬ ಗೆಳತಿ ಸಿಕ್ಕಿದ್ದಳು. ಕೆಲಸ ಹೋದರೆ ಆ ಮಗುವನ್ನು ಮತ್ತೆ ಕಿತ್ತುಕೊಂಡು ಹೋಗಬೇಕಲ್ಲ ಅನ್ನುವುದೇ ಅವರ ಸಂಕಟ.

ಒಂದು ಬೆಳಿಗ್ಗೆ ಅಣ್ಣನ ಮೆನುವಿನಲ್ಲೂ ಲಾಗೌಟ್ ಒಂದೇ.

"ಮತ್ತ ಅದೇ ಬಗ್. ನೋಡವ್ವಾ ತಂಗಿ," ಅಂದರು. ಕೋಡ್ ತೆರೆಯುವ ಹಕ್ಕೂ ಅವರಿಗಿರಲಿಲ್ಲ. ನಾನು ತೆರೆದು ನೋಡಿದೆ. ಎಲ್ಲ ಸರಿಯಾಗಿತ್ತು.

"ಬಗ್ ಇಲ್ಲ ಅಣ್ಣಾ."

ಅಣ್ಣ ನನ್ನ ಪರದೆಯತ್ತ ಬಾಗಿ ತಾವೇ ಒಮ್ಮೆ ಓದಿದರು. "ಅಂದ್ರ ನನ್ನ ಕೋಡ್ ಭಾಳ ಚಲೋ ಐತಿ," ಅಂದರು. ಆಮೇಲೆ ಮೆಲ್ಲಗೆ, "ಮಗಳಿಗೆ ಏನ್ ಹೇಳ್ಲಿ?"

ಅಣ್ಣ ಉಳಿದಿದ್ದ ಆ ಒಂದು ಲಾಗೌಟನ್ನು ಒತ್ತಿದರು. ಪರದೆ ತುಂಬ ದೊಡ್ಡ ಅಕ್ಷರಗಳು ಮೂಡಿದವು: 'ಹೋಗಿ ಬನ್ನಿ, ನಾಳೆ ಮತ್ತೆ ಸಿಗೋಣ!'

ಅಣ್ಣ ಕೆಂಡವಾದರು. "ಯಾಂವ ಹುಚ್ಚ ಬರದಾನ ಇದನ್ನ?"

"ನೀವೇ ಅಣ್ಣಾ," ಅಂದೆ, ಅಳುತ್ತಲೇ.